ಸೋತ ಸೇನೆಯನ್ನು ಕಟ್ಟಿದ ಹೊರಗಿನವನು

ಆಡಳಿತ ಸುಧಾರಣೆಯ ವರದಿಗಳು ಓದುವವರಿಲ್ಲದೆ ಕಪಾಟು ಸೇರುವುದನ್ನು ಸರ್ಕಾರಿ ಸೇವೆಯ ದಿನಗಳಲ್ಲಿ ಹಲವು ಬಾರಿ ಕಂಡಿದ್ದೇನೆ. ಒಂದೆರಡಕ್ಕೆ ಕರಡು ಬರೆದವನೂ ನಾನೇ. ಆಗೆಲ್ಲ ನನಗೆ ನೆನಪಾಗುತ್ತಿದ್ದವನು ಜರ್ಮನ್ ಸೇನಾನಿ ಗೆರ್ಹಾರ್ಡ್ ಶಾರ್ನ್‌ಹೋರ್ಸ್ಟ್.

1871ಕ್ಕೆ ಮುನ್ನ ಜರ್ಮನಿ ಎಂಬುದು ಒಂದು ದೇಶವಾಗಿರಲಿಲ್ಲ. ಪ್ರಷ್ಯಾ, ಬವೇರಿಯಾ, ಸ್ಯಾಕ್ಸನಿ, ಹ್ಯಾನೋವರ್ ಮುಂತಾದ ಸಂಸ್ಥಾನಗಳಿಗೆ ತಮ್ಮದೇ ಸೇನೆ, ತಮ್ಮದೇ ಸಂಪ್ರದಾಯಗಳಿದ್ದವು. ಇಂಗ್ಲೆಂಡಿನ ದೊರೆಯೇ ಹ್ಯಾನೋವರ್‌ಗೂ ಒಡೆಯನಾಗಿದ್ದುದರಿಂದ ಅಲ್ಲಿನ ಎರಡು ರೆಜಿಮೆಂಟುಗಳು ಮದ್ರಾಸಿಗೂ ಬಂದಿದ್ದವು. 1783ರಲ್ಲಿ ಟಿಪ್ಪುವಿನ ಮಿತ್ರರಾದ ಫ್ರೆಂಚರ ವಿರುದ್ಧ ಕಡಲೂರಿನಲ್ಲಿ ಕಾದಿದ್ದವು. ಆಗ ಶಾರ್ನ್‌ಹೋರ್ಸ್ಟ್ ಅದೇ ಸೇನೆಯಲ್ಲಿ, ತನ್ನ ನಾಡಿನಲ್ಲಿಯೇ ಇದ್ದ ತರುಣ ಅಧಿಕಾರಿ.

ಆತ ಹುಟ್ಟಿದ್ದು 1755ರ ನವೆಂಬರ್ 12ರಂದು, ಹ್ಯಾನೋವರ್ ಬಳಿಯ ಬೋರ್ಡೆನಾವ್ ಎಂಬ ಹಳ್ಳಿಯಲ್ಲಿ. ತಂದೆ ಸೇನೆಯ ಕೆಳಹಂತದ ಹುದ್ದೆಯಲ್ಲಿದ್ದು ಬಳಿಕ ಬೇಸಾಯಕ್ಕಿಳಿದವನು. ಶೌಮ್‌ಬುರ್ಗ್-ಲಿಪ್ಪೆ ಎಂಬ ಪುಟ್ಟ ಸಂಸ್ಥಾನದ ಕೌಂಟ್ ವಿಲ್ಹೆಲ್ಮ್, ಸರೋವರದ ನಡುವೆ ಕೃತಕ ದ್ವೀಪದ ಮೇಲೆ ಕಟ್ಟಿಸಿದ್ದ ಕೋಟೆಯ ಸೈನಿಕ ಶಾಲೆಗೆ ಈ ರೈತನ ಮಗನನ್ನು ಸೇರಿಸಿಕೊಂಡ. ನಾಡಿನ ರಕ್ಷಣೆ ಬಾಡಿಗೆ ಸಿಪಾಯಿಗಳ ಕಸುಬಲ್ಲ, ನಾಡಿಗರ ಹೊಣೆ ಎಂಬ ಪಾಠ ಅಲ್ಲಿ ಸಿಕ್ಕಿತು. ಮುಂದೆ ಕ್ರಾಂತಿಕಾರಿ ಫ್ರಾನ್ಸಿನ ಸೈನ್ಯವನ್ನು ರಣರಂಗದಲ್ಲಿ ಎದುರಿಸಿದ ಮೇಲೆ, ಅದರ ಜಯದ ಮೂಲ ಫ್ರೆಂಚ್ ಸಮಾಜದ ಬದಲಾವಣೆಯಲ್ಲಿದೆ ಎಂದು ಆತ ವಿಶ್ಲೇಷಿಸಿದ.

1801ರಲ್ಲಿ ಆತ ಪ್ರಷ್ಯಾದ ಸೇವೆಗೆ ಸೇರಿದ. ಮಹಾನ್ ಫ್ರೆಡರಿಕ್‌ನ ಗತವೈಭವದ ನೆನಪಿನಲ್ಲೇ ಮೈಮರೆತಿದ್ದ ಸೇನೆ ಅದು. ಅಧಿಕಾರಿ ಹುದ್ದೆಗಳು ಬಹುಪಾಲು ಕುಲೀನರ ಸ್ವತ್ತು. ಸಾಮಾನ್ಯ ಸೈನಿಕನಿಗೆ ಬೆತ್ತದ ಏಟು. ಬರ್ಲಿನ್‌ನಲ್ಲಿ ಆತ ತರುಣ ಅಧಿಕಾರಿಗಳಿಗೆ ಪಾಠ ಹೇಳಿದ. ಕ್ಲಾಸೆವಿಟ್ಸ್ ಆ ಶಿಷ್ಯರಲ್ಲೊಬ್ಬ. ಸುಧಾರಣೆಯ ಸಲಹೆಗಳನ್ನೂ ಬರೆದುಕೊಟ್ಟ. ಆದರೆ ಅವುಗಳಿಗೆ ಕಿವಿಗೊಡುವವರು ಕಡಿಮೆಯಿದ್ದರು.

1806ರ ಅಕ್ಟೋಬರ್ 14ರಂದು ಯೇನಾ ಮತ್ತು ಔಯರ್‌ಷ್ಟೆಟ್‌ನಲ್ಲಿ ಪ್ರಷ್ಯಾದ ಸೇನೆ ಒಂದೇ ದಿನದಲ್ಲಿ ನುಚ್ಚುನೂರಾಯಿತು. 1807ರ ಟಿಲ್ಸಿಟ್ ಒಪ್ಪಂದದಲ್ಲಿ ರಾಜ್ಯದ ಅರ್ಧದಷ್ಟು ನೆಲವೇ ಕೈಬಿಟ್ಟಿತು. ಆಗಷ್ಟೇ ದೊರೆ ಸೇನಾ ಸುಧಾರಣೆಯ ಸಮಿತಿಯನ್ನು ಶಾರ್ನ್‌ಹೋರ್ಸ್ಟ್‌ಗೆ ಒಪ್ಪಿಸಿದ. ಆತನ ಬಲಗೈಯಾದ ಗ್ನೈಸೆನಾವ್ ಹುಟ್ಟಿನಿಂದ ಸ್ಯಾಕ್ಸನಿಯವನು. ಮಂತ್ರಿ ಸ್ಟೈನ್ ನಸ್ಸಾವ್‌ನವನು. ಪ್ರಷ್ಯಾದ ರೋಗ ಹೊರಗಿನವರ ಕಣ್ಣಿಗೆ ಹೆಚ್ಚು ಸ್ಪಷ್ಟವಾಗಿ ಕಂಡಿರಬೇಕು.

1808ರ ಆಗಸ್ಟ್‌ನಲ್ಲಿ ಹೊರಟ ಆಜ್ಞೆಗಳು ಅಮಾನವೀಯ ದೈಹಿಕ ಶಿಕ್ಷೆಗಳನ್ನು ತೆಗೆದುಹಾಕಿದವು. ಅಧಿಕಾರಿ ಹುದ್ದೆಗೆ ಶಾಂತಿಕಾಲದಲ್ಲಿ ವಿದ್ಯೆ, ಯುದ್ಧಕಾಲದಲ್ಲಿ ಶೌರ್ಯವೇ ಅರ್ಹತೆಯೆಂದಾಯಿತು; ಕುಲದ ಹಕ್ಕು ಕಾಗದದ ಮೇಲಾದರೂ ರದ್ದಾಯಿತು. ಸೇನೆ 42,000 ಮಂದಿಯನ್ನು ಮೀರಕೂಡದೆಂದು ನೆಪೋಲಿಯನ್ ಮಿತಿ ಹೇರಿದ. ಖಜಾನೆಯೂ ಬರಿದಾಗಿತ್ತು. ಒಂದಷ್ಟು ಸೈನಿಕರನ್ನು ತರಬೇತಿಯ ಬಳಿಕ ಮನೆಗೆ ಕಳಿಸಿ, ಆ ಜಾಗಕ್ಕೆ ಹೊಸಬರನ್ನು ತರುವ ಉಪಾಯವನ್ನು ಅನುಸರಿಸಲಾಯಿತು. ಇದರಿಂದ ಒದಗಿದ ಮೀಸಲು ಪಡೆ ದಂತಕಥೆಗಳು ಹೇಳುವಷ್ಟು ದೊಡ್ಡದಲ್ಲ. ಆದರೆ ಇರುವ ಸಂಪನ್ಮೂಲದಲ್ಲೇ ದಾರಿ ಹುಡುಕುವ ಮನೋಭಾವವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಮೆಚ್ಚುತ್ತೇನೆ.

1813ರಲ್ಲಿ ಪ್ರಷ್ಯಾ ಮತ್ತೆ ಯುದ್ಧಕ್ಕಿಳಿದಾಗ ನಾಗರಿಕರ ಪಡೆಯೂ ಸಜ್ಜಾಯಿತು. ಮೇ 2ರ ಕದನದಲ್ಲಿ ಶಾರ್ನ್‌ಹೋರ್ಸ್ಟ್‌ನ ಕಾಲಿಗೆ ಗಾಯವಾಯಿತು. ಅದಕ್ಕೆ ವಿಶ್ರಾಂತಿ ಕೊಡದೆ, ಆಸ್ಟ್ರಿಯಾವನ್ನು ಮೈತ್ರಿಕೂಟಕ್ಕೆ ಸೇರಿಸುವ ಯತ್ನದಲ್ಲಿ ಪ್ರಯಾಣ ಹೊರಟ ಆತ, ಜೂನ್ 28ರಂದು ಪ್ರಾಗ್‌ನಲ್ಲಿ ತೀರಿಕೊಂಡ. ಅಕ್ಟೋಬರ್‌ನ ಲೈಪ್‌ಜಿಗ್ ವಿಜಯವನ್ನು ಆತ ಕಾಣಲಿಲ್ಲ.

ಗೆದ್ದ ಪ್ರಷ್ಯಾ ಸೋಲಿನ ಪಾಠವನ್ನು ಬೇಗ ಮರೆಯಿತು. ನಾಗರಿಕರ ಪಡೆಯ ಸ್ವಾಯತ್ತತೆಯನ್ನು ಮೊಟಕುಗೊಳಿಸಿದಾಗ, 1819ರಲ್ಲಿ ಆತನ ಸಂಗಡಿಗರಾದ ಬೋಯೆನ್ ಮತ್ತು ಗ್ರೋಲ್‌ಮನ್ ರಾಜೀನಾಮೆ ಕೊಟ್ಟರು. 1866ರಲ್ಲಿ ಹ್ಯಾನೋವರನ್ನು ನುಂಗಿದ ಪ್ರಷ್ಯಾ, ಆತ ಮೊದಲು ಸೇವೆ ಸಲ್ಲಿಸಿದ್ದ ಆ ಸೇನೆಯನ್ನೇ ಅಳಿಸಿತು. ಎರಡು ಮಹಾಯುದ್ಧಗಳ ದುರಂತದ ನಂತರ, 1955ರಲ್ಲಿ ಪಶ್ಚಿಮ ಜರ್ಮನಿ ತನ್ನ ಹೊಸ ಸೇನೆಯ ಆರಂಭಕ್ಕೆ ಆರಿಸಿಕೊಂಡದ್ದು ಆತನ ಇನ್ನೂರನೆಯ ಜನ್ಮದಿನವನ್ನು. ಆಗಲೂ ಅವರಿಗೆ ಆತ ನೆನಪಾದದ್ದು ಸೋತ ಬಳಿಕವೇ. ಸೋಲುವ ಮುನ್ನವೇ ಕಪಾಟು ತೆರೆದು ಓದುವ ವಿವೇಕ ಯಾವ ಆಡಳಿತಕ್ಕೂ ಸುಲಭವಾಗಿ ಬರುವುದಿಲ್ಲ. ನಮ್ಮದೂ ಅದಕ್ಕೆ ಹೊರತಲ್ಲ.