ವಿ. ಸುಬ್ರಹ್ಮಣ್ಯನ್

ವೈದ್ಯನಾಥ ಸುಬ್ರಹ್ಮಣ್ಯನ್ (1902–1979) ಭಾರತದ ಜೀವರಸಾಯನ ವಿಜ್ಞಾನಿ ಹಾಗೂ ಆಹಾರ ತಂತ್ರಜ್ಞಾನಿ. ಇವರು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದರು. ಆಹಾರ ವಿಜ್ಞಾನಕ್ಕೆ ಬರುವ ಮೊದಲು, ನೀರು ನಿಂತ ಗದ್ದೆಯ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ನಡೆಸುವ ಕ್ರಿಯೆಗಳನ್ನು ಅಧ್ಯಯನ ಮಾಡಿದ ಆರಂಭಿಕ ವಿಜ್ಞಾನಿಗಳಲ್ಲಿ ಇವರೂ ಒಬ್ಬರು.

ಮಣ್ಣಿನ ಸಂಶೋಧನೆ

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇವರು ಜಲಾವೃತ ಮಣ್ಣಿನ ಜೀವರಸಾಯನವನ್ನು ಕುರಿತು ಸಂಶೋಧನೆ ನಡೆಸಿದರು. ಇದರ ಮೊದಲ ಪ್ರಬಂಧಗಳು 1927ರಲ್ಲಿ ಪ್ರಕಟವಾದವು. ನೀರು ನಿಂತಾಗ ಮಣ್ಣಿನಲ್ಲಿ ಆಮ್ಲಜನಕ ಕಡಿಮೆಯಾಗಿ ನೈಟ್ರೇಟ್ ನಶಿಸುತ್ತದೆ. ಆದರೆ ಸಾವಯವ ಸಾರಜನಕವು ಅಮೋನಿಯಾ ರೂಪಕ್ಕೆ ಮಾರ್ಪಡುತ್ತಲೇ ಇರುತ್ತದೆ. ಈ ಮಾರ್ಪಾಡಿನಲ್ಲಿ ಡಿಅಮಿನೇಸ್ ಎಂಬ ಕಿಣ್ವದ ಪಾತ್ರವಿದೆಯೆಂದು ಅವರು ತೋರಿಸಿದರು. ಒಣಭೂಮಿಯ ಬೆಳೆಗಳು ಹೆಚ್ಚಾಗಿ ನೈಟ್ರೇಟನ್ನು ಅವಲಂಬಿಸಿದರೆ, ಭತ್ತವು ಅಮೋನಿಯಾ ರೂಪದ ಸಾರಜನಕವನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಕೆಸರುಗದ್ದೆಗೆ ಹಸಿರೆಲೆ ಗೊಬ್ಬರ ತುಳಿಯುವ ರೂಢಿಯ ಹಿಂದಿರುವ ಕಾರಣವೂ, ಅಲ್ಲಿ ನೈಟ್ರೇಟ್ ಗೊಬ್ಬರ ವ್ಯರ್ಥವಾಗುವ ಕಾರಣವೂ ಇಂತಹ ಅಧ್ಯಯನಗಳಿಂದ ಸ್ಪಷ್ಟವಾದವು.

1939ರಲ್ಲಿ ಪಿ. ಕೆ. ಡೇ ಅವರು ಗದ್ದೆಯ ನೀಲಿ-ಹಸಿರು ಪಾಚಿಗಳು ಗಾಳಿಯ ಸಾರಜನಕವನ್ನು ಸ್ಥಿರೀಕರಿಸುತ್ತವೆ ಎಂದು ನಿರೂಪಿಸಿದರು. ಪಾಚಿ, ಅಜೋಲಾ, ಅಜೋಸ್ಪಿರಿಲಮ್ ಮೊದಲಾದ ಇಂದಿನ ಜೈವಿಕ ಗೊಬ್ಬರಗಳ ಬಳಕೆಗೆ ಗದ್ದೆಯ ಸೂಕ್ಷ್ಮಜೀವಿಗಳ ಈ ತಿಳಿವಳಿಕೆಯೇ ತಳಹದಿ. ತುಂಗಭದ್ರಾ ಕಾಲುವೆಗಳ ನೀರಿನಲ್ಲಿ ಭತ್ತ ಬೆಳೆಯುವ ಹೊಸಪೇಟೆ, ಕಂಪ್ಲಿ ಭಾಗದ ಗದ್ದೆಗಳಲ್ಲಿಯೂ ಇವೇ ಕ್ರಿಯೆಗಳು ನಡೆಯುತ್ತವೆ.

ಬೆಂಗಳೂರಿನಲ್ಲಿ

ಸ್ವದೇಶಕ್ಕೆ ಮರಳಿದ ಬಳಿಕ ಸುಬ್ರಹ್ಮಣ್ಯನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗದ ಪ್ರಾಧ್ಯಾಪಕರಾದರು. ಎಸ್. ಸಿ. ಪಿಳ್ಳೈ ಅವರೊಡಗೂಡಿ ಚರಂಡಿ ನೀರಿನ ಶುದ್ಧೀಕರಣದಲ್ಲಿ ಏಕಕೋಶ ಜೀವಿಗಳ ಪಾತ್ರವನ್ನು ಅಧ್ಯಯನ ಮಾಡಿದರು. 1943ರ ಬಂಗಾಳದ ಕ್ಷಾಮ ಆಹಾರದ ಕೊರತೆಯ ಭೀಕರತೆಯನ್ನು ದೇಶಕ್ಕೆ ತೋರಿಸಿತ್ತು. ಆ ದಶಕದಲ್ಲಿ ಇವರ ಗಮನ ಪೋಷಣೆಯ ಕಡೆಗೆ ಹೆಚ್ಚಾಗಿ ಹೊರಳಿತು. ಹಸುವಿನ ಹಾಲು ದೊರೆಯದವರಿಗೆ ಪರ್ಯಾಯವಾಗಬಲ್ಲ ಸೋಯಾ ಅವರೆಯ ಹಾಲಿನ ಪೋಷಕ ಗುಣವನ್ನು ಎಚ್. ಎಸ್. ಆರ್. ದೇಶಿಕಾಚಾರ್ ಮೊದಲಾದವರೊಡನೆ ಪರೀಕ್ಷಿಸಿದರು.

ಮೈಸೂರಿನಲ್ಲಿ

ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು 1950ರ ಅಕ್ಟೋಬರ್ 21ರಂದು ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ ಆರಂಭವಾಯಿತು. 1963ರವರೆಗೆ ಸುಬ್ರಹ್ಮಣ್ಯನ್ ಅದರ ನಿರ್ದೇಶಕರಾಗಿದ್ದರು. ಅಕ್ಕಿಯ ಕೊರತೆಯನ್ನು ತುಂಬಲು ಮರಗೆಣಸು ಮತ್ತು ನೆಲಗಡಲೆ ಹಿಟ್ಟಿನ ಮಿಶ್ರಣಗಳು, ಕಡಿಮೆ ವೆಚ್ಚದ ಪ್ರೋಟೀನ್ ಆಹಾರ ಹಾಗೂ ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ಇವರ ಅವಧಿಯಲ್ಲಿ ರೂಪುಗೊಂಡವು. ನಿವೃತ್ತಿಯ ನಂತರ ತಮಿಳುನಾಡಿನ ತಿರುವಾರೂರಿನಲ್ಲಿ ಭತ್ತದ ಸಂಸ್ಕರಣೆಯ ಸಂಶೋಧನೆಯಲ್ಲಿ ತೊಡಗಿದರು.

ಗೌರವ

ಭಾರತ ಸರ್ಕಾರವು 1960ರಲ್ಲಿ ಇವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು.