ನದಿಯ ಕಲ್ಲುಗಳನ್ನು ಓದಿದ ಲಿಯೊನಾರ್ಡೊ

ಮೊನಾಲಿಸಾ ಚಿತ್ರದಿಂದ ಜಗದ್ವಿಖ್ಯಾತನಾದ ಲಿಯೊನಾರ್ಡೊ ಡ ವಿಂಚಿಗೆ ನದಿಗಳ ಗೀಳೂ ಇತ್ತು. 1452ರ ಏಪ್ರಿಲ್ 15ರಂದು ಇಟಲಿಯ ವಿಂಚಿ ಊರಿನ ಬಳಿ ಹುಟ್ಟಿದ ಆತನ ದಿನಾಂಕವುಳ್ಳ ಮೊದಲ ರೇಖಾಚಿತ್ರವೇ 1473ರ ಆರ್ನೊ ಕಣಿವೆಯದು. ನೋಟರಿಯೊಬ್ಬರ ವಿವಾಹೇತರ ಪುತ್ರನಾದ ಆತ ವಿಶ್ವವಿದ್ಯಾಲಯದ ಮೆಟ್ಟಿಲೇರಲಿಲ್ಲ. ಆ ಕೊರತೆಯೇ ಆತನನ್ನು ಹೊಳೆದಂಡೆಗೆ ಕರೆದೊಯ್ದಿರಬೇಕು.

ಶತ್ರುನಗರ ಪೀಸಾಕ್ಕೆ ನೀರು ತಪ್ಪಿಸಲು ಫ್ಲಾರೆನ್ಸ್ ಗಣರಾಜ್ಯವು ಆರ್ನೊ ನದಿಯನ್ನೇ ತಿರುಗಿಸಹೊರಟಾಗ ಲಿಯೊನಾರ್ಡೊ ಅದರ ಸಲಹೆಗಾರನಾಗಿದ್ದ. 1504ರಲ್ಲಿ ಬಿರುಮಳೆಗೆ ಕಾಲುವೆಗಳು ಕುಸಿದು ಯೋಜನೆ ಮಣ್ಣುಪಾಲಾಯಿತು. ಆದರೆ ನದಿಯ ಕುರಿತ ಆತನ ಚಿಂತನೆ ನಿಲ್ಲಲಿಲ್ಲ. ಮುಂದಿನ ಕೆಲವೇ ವರ್ಷಗಳಲ್ಲಿ ಬರೆದ, ಈಗ ಲೀಸೆಸ್ಟರ್ ಹಸ್ತಪ್ರತಿ ಎನಿಸಿಕೊಂಡಿರುವ ಟಿಪ್ಪಣಿಗಳಲ್ಲಿ ನೀರಿನದೇ ಮುಖ್ಯ ಪಾತ್ರ.

ಬೆಟ್ಟದ ಬುಡದಲ್ಲಿ ನದಿಯ ಕಲ್ಲುಗಳು ದೊಡ್ಡವು, ಮೂಲೆಗಳು ಮೊನಚು. ಕೆಳಗಿಳಿದಂತೆ ಅವು ಚಿಕ್ಕವಾಗಿ, ದುಂಡಗಾಗುತ್ತವೆ. ಇನ್ನೂ ಮುಂದೆ ಜಲ್ಲಿ, ಮರಳು, ಕಡೆಗೆ ಕೆಸರು. ಒಂದಕ್ಕೊಂದು ಬಡಿದು ಉರುಳುವಾಗ ಮೊದಲು ಸವೆಯುವುದು ಚಾಚಿಕೊಂಡ ಮೂಲೆಗಳೇ. ಪ್ರವಾಹದ ಬಲ ಕುಗ್ಗಿದಂತೆ ಭಾರವಾದವು ಮೊದಲು ತಂಗುತ್ತವೆ. ಹಾಗಾಗಿ ಕಲ್ಲಿನ ಆಕಾರವೇ ಅದು ಸಾಗಿಬಂದ ಬಗೆಯನ್ನು ಹೇಳುತ್ತದೆ. ಹಿಮನದಿ ಹೊತ್ತು ತಂದ ಕಲ್ಲುಗಳಲ್ಲಿ ಉಜ್ಜಿ ಚಪ್ಪಟೆಯಾದ ಮೈ, ಗೀರುಗಳು ಕಾಣುತ್ತವೆಂಬುದು ನಂತರದ ಅರಿವು. 2012ರಲ್ಲಿ ಕ್ಯೂರಿಯಾಸಿಟಿ ವಾಹನ ಮಂಗಳನ ಗೇಲ್ ಕುಳಿಯಲ್ಲಿ ದುಂಡಗಿನ ಕಲ್ಲುಗಳನ್ನು ಕಂಡಾಗ, ಅಲ್ಲಿ ಹಿಂದೆ ತೊರೆ ಹರಿದಿತ್ತೆಂದು ವಿಜ್ಞಾನಿಗಳು ನಿರ್ಧರಿಸಿದ್ದೂ ಇದೇ ತರ್ಕದಿಂದ.

ಲಿಯೊನಾರ್ಡೊನ ಕಾಲದಲ್ಲಿ ಮಾತ್ರ ಈ ತರ್ಕ ಜನರ ನಂಬಿಕೆಗೆ ಎದುರು ನಿಂತಿತ್ತು. ಬೆಟ್ಟಗಳಲ್ಲಿ ಸಿಗುವ ಕಡಲ ಚಿಪ್ಪುಗಳನ್ನು ನೋವನ ಕಾಲದ ಮಹಾಪ್ರಳಯ ತಂದಿತೆಂದು ಅನೇಕರು ನಂಬಿದ್ದರು. ಗೊನ್‌ಫೊಲೀನಾದ ಬಳಿ ಬಣ್ಣ, ಗಡಸುತನಗಳಲ್ಲಿ ಭಿನ್ನವಾದ ಹೊಳೆಗಲ್ಲುಗಳು ಬೆಸೆದು ಒಂದೇ ಬಂಡೆಯಾದುದನ್ನೂ, ಇನ್ನೂ ಕೆಳಗೆ ಚಿಪ್ಪುಗಳಿದ್ದ ಕೆಸರಿನ ಪದರಗಳನ್ನೂ ಆತ ಗುರುತಿಸಿದ್ದ. ಒಂದೇ ಪ್ರಳಯವಾಗಿದ್ದರೆ ಎಲ್ಲವೂ ಕಲಸಿಹೋಗಬೇಕಿತ್ತು. ಇಲ್ಲಿ ಪದರಗಳು ಅಚ್ಚುಕಟ್ಟಾಗಿದ್ದವು. ನಿಧಾನವಾಗಿ ತೆವಳುವ ಚಿಪ್ಪುಜೀವಿಯೊಂದು ಪ್ರಳಯದ 40 ದಿನಗಳಲ್ಲಿ ಏಡ್ರಿಯಾಟಿಕ್ ಕಡಲಿನಿಂದ ದೂರದ ಮೊನ್‌ಫೆರಾಟೊ ತಲುಪುವುದೆಂತು ಎಂದೂ ಆತ ಲೆಕ್ಕ ಹಾಕಿದ್ದ. ಚಿತ್ರಕಾರನ ಕಣ್ಣಿಗೆ ಇಂಥ ವಿವರಗಳು ತಪ್ಪುವುದುಂಟೆ?

ದುರದೃಷ್ಟವೆಂದರೆ, ಬಲದಿಂದ ಎಡಕ್ಕೆ ಕನ್ನಡಿ ಲಿಪಿಯಲ್ಲಿ ಬರೆದ ಆ ಟಿಪ್ಪಣಿಗಳನ್ನು ಆತ ಪ್ರಕಟಿಸಲೇ ಇಲ್ಲ. 1519ರ ಮೇ 2ರಂದು ಫ್ರಾನ್ಸಿನ ಆಂಬ್ವಾಸ್‌ನಲ್ಲಿ ನಿಧನನಾದ. ಭೂಪದರಗಳ ನಿಯಮಗಳನ್ನು 1669ರಲ್ಲಿ ನಿಕೊಲಸ್ ಸ್ಟೆನೊ ಬೇರೆಯಾಗಿಯೇ ನಿರೂಪಿಸಬೇಕಾಯಿತು. 72 ಪುಟಗಳ ಆ ಹಸ್ತಪ್ರತಿಯನ್ನು 1994ರ ಹರಾಜಿನಲ್ಲಿ ಬಿಲ್ ಗೇಟ್ಸ್ 3.08 ಕೋಟಿ ಡಾಲರಿಗೆ ಕೊಂಡರು.