ಟೈಪಿಂಗ್ ನಿಧಾನವಾಗಲಿ ಎಂದೇ ಕೀಬೋರ್ಡ್ ಹೀಗೆ ಮಾಡಿದರೇ? ಶೋಲ್ಸ್ ಬದುಕು ಹೇಳುವುದೇನು?

ಹುನಗುಂದದ ಓದುಗರೊಬ್ಬರು ಮನೆಯ ಅಟ್ಟದಲ್ಲಿ ಸಿಕ್ಕ ಹಳೆಯ ಪೋರ್ಟಬಲ್ ಟೈಪ್‌ರೈಟರ್‌ನ ಫೋಟೊ ನಮಗೆ ಕಳಿಸಿದ್ದಾರೆ. ಯಂತ್ರ ಈಗಲೂ ಚೆನ್ನಾಗಿ ಕೆಲಸ ಮಾಡುತ್ತದಂತೆ. ಜೊತೆಗೆ ಒಂದು ಫಾರ್ವರ್ಡ್ ಕೂಡ ಕಳಿಸಿದ್ದಾರೆ. ಜನ ನಿಧಾನವಾಗಿ ಟೈಪ್ ಮಾಡಲಿ ಎಂದು ಅಕ್ಷರಗಳನ್ನು ಬೇಕಂತಲೇ ಹಿಂದುಮುಂದು ಜೋಡಿಸಿದರು, ನಮ್ಮ ಮೊಬೈಲ್‌ನಲ್ಲಿರುವುದೂ ಅದೇ ಕೀಬೋರ್ಡ್ ಎನ್ನುತ್ತದೆ ಆ ಸಂದೇಶ. ಇದು ನಿಜವೇ? ತಿಳಿಯಲು ಕ್ರಿಸ್ಟೋಫರ್ ಲೇಥಮ್ ಶೋಲ್ಸ್ ಅವರ ಬದುಕನ್ನು ನೋಡಬೇಕು.

ಅಚ್ಚುಕೂಟದಿಂದ ಆರಂಭ

ಶೋಲ್ಸ್ ಹುಟ್ಟಿದ್ದು 1819ರ ಫೆಬ್ರುವರಿ 14ರಂದು, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಹುಡುಗನಾಗಿದ್ದಾಗಲೇ ಅಚ್ಚುಕೂಟದ ಕೆಲಸ ಕಲಿತರು. ವಿಸ್ಕಾನ್ಸಿನ್‌ಗೆ ಹೋಗಿ ಪತ್ರಿಕೆ ನಡೆಸಿದರು, ಶಾಸಕರೂ ಆದರು. 1853ರಲ್ಲಿ ಆ ರಾಜ್ಯದಲ್ಲಿ ಮರಣದಂಡನೆ ರದ್ದಾಗಲು ದುಡಿದವರಲ್ಲಿ ಅವರೂ ಪ್ರಮುಖರು.

ಮಿಲ್ವಾಕಿಯಲ್ಲಿ ಗೆಳೆಯ ಸ್ಯಾಮ್ಯುಯೆಲ್ ಸೂಲೆ ಜೊತೆ ಪುಟಸಂಖ್ಯೆ ಒತ್ತುವ ಯಂತ್ರ ಮಾಡಿದರು. ಅಂಕಿ ಒತ್ತುವ ಯಂತ್ರ ಅಕ್ಷರವನ್ನೂ ಯಾಕೆ ಒತ್ತಬಾರದು ಎಂಬ ಯೋಚನೆ ಕೊಟ್ಟವರು ಕಾರ್ಲೋಸ್ ಗ್ಲಿಡನ್. 1868ರ ಜೂನ್ 23ರಂದು ಮೂವರಿಗೂ ಪೇಟೆಂಟ್ ಸಿಕ್ಕಿತು.

ಮೊದಲು ಅಕ್ಷರಗಳು ಹೆಚ್ಚುಕಡಿಮೆ ಎ, ಬಿ, ಸಿ, ಡಿ ಕ್ರಮದಲ್ಲೇ ಇದ್ದವು. ಶೀಘ್ರಲಿಪಿಕಾರರ ಕೈಗೆ ಯಂತ್ರ ಕೊಟ್ಟು, ಅವರು ಹೇಳಿದ ತೊಂದರೆಗಳನ್ನೆಲ್ಲ ಶೋಲ್ಸ್ ವರ್ಷಗಟ್ಟಲೆ ತಿದ್ದಿದರು. 1873ರಲ್ಲಿ ಬಂದೂಕು, ಹೊಲಿಗೆ ಯಂತ್ರ ಮಾಡುತ್ತಿದ್ದ ರೆಮಿಂಗ್ಟನ್ ಕಂಪನಿ ಜೊತೆ ಒಪ್ಪಂದವಾಯಿತು. ಮರುವರ್ಷ ಯಂತ್ರ ಮಾರುಕಟ್ಟೆಗೆ ಬಂತು. ಅದರಲ್ಲಿ ದೊಡ್ಡಕ್ಷರಗಳು ಮಾತ್ರ ಇದ್ದವು. ಒತ್ತಿದ ಅಕ್ಷರ ಆಗಲೇ ಕಣ್ಣಿಗೆ ಕಾಣುತ್ತಲೂ ಇರಲಿಲ್ಲ.

ಫಾರ್ವರ್ಡ್‌ನಲ್ಲಿ ನಿಜವೆಷ್ಟು?

ಯಂತ್ರ ಸಿಕ್ಕಿಕೊಳ್ಳುತ್ತಿದ್ದದ್ದು ನಿಜ. ನಿಮ್ಮ ಮನೆಯಲ್ಲಿ ಹಳೆಯ ಟೈಪ್‌ರೈಟರ್ ಇದ್ದರೆ ಎರಡು ಕೀಲಿ ಒಟ್ಟಿಗೆ ಒತ್ತಿ ನೋಡಿ. ಅಕ್ಷರದ ಕಡ್ಡಿಗಳು ಒಂದಕ್ಕೊಂದು ತಗುಲಿ ನಿಲ್ಲುತ್ತವೆ. ಬೆರಳಿನಿಂದ ಮೆಲ್ಲಗೆ ಹಿಂದಕ್ಕೆ ಸರಿಸಿದರೆ ಬಿಡಿಸಿಕೊಳ್ಳುತ್ತವೆ. ಕಡ್ಡಿ ಸಿಕ್ಕಿಕೊಳ್ಳದಂತೆ ಮಾಡುವುದೇ ಬೇರೆ, ಮನುಷ್ಯನನ್ನು ನಿಧಾನ ಮಾಡುವುದೇ ಬೇರೆ. ಸಿಕ್ಕಿಕೊಳ್ಳದ ಯಂತ್ರ ಇನ್ನೂ ವೇಗವಾಗಿಯೇ ಓಡುತ್ತದೆ.

ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಕೊಯಿಚಿ ಮತ್ತು ಮೊಟೊಕೊ ಯಸುವೊಕ 2011ರಲ್ಲಿ ಇನ್ನೊಂದು ಕಾರಣ ಮುಂದಿಟ್ಟರು. ತಂತಿ ಸಂದೇಶ ಕೇಳಿಸಿಕೊಂಡು ಟೈಪ್ ಮಾಡುತ್ತಿದ್ದವರ ಅನುಕೂಲಕ್ಕೆ ತಕ್ಕಂತೆ ಅಕ್ಷರಗಳ ಜಾಗ ಬದಲಾಯಿತು ಎಂಬುದು ಅವರ ವಾದ. ಇಂಗ್ಲಿಷ್‌ನಲ್ಲಿ ಪದೇಪದೇ ಒಟ್ಟಿಗೆ ಬರುವ ಇ ಮತ್ತು ಆರ್ ಕೀಲಿಗಳು ಅಕ್ಕಪಕ್ಕದಲ್ಲೇ ಇರುವುದನ್ನೂ ಗಮನಿಸಿ.

ಇನ್ನೂ ಒಂದು ಮಾತಿದೆ. ನೋಡದೆ ಹತ್ತೂ ಬೆರಳಿನಿಂದ ಟೈಪ್ ಮಾಡುವ ಪದ್ಧತಿ ಹೆಸರಾಗಿದ್ದು 1888ರಲ್ಲಿ, ಫ್ರಾಂಕ್ ಮೆಕ್‌ಗರಿನ್ ಸ್ಪರ್ಧೆಯೊಂದನ್ನು ಗೆದ್ದ ಮೇಲೆ. ಅವರು ಗೆದ್ದದ್ದು ಇದೇ ಕೀಲಿಮಣೆಯ ಮೇಲೆ!

ಕೊನೆಯವರೆಗೂ ತಿದ್ದುಪಡಿ

ಶೋಲ್ಸ್ ತಮ್ಮ ಹಕ್ಕನ್ನು 12,000 ಡಾಲರ್‌ಗೆ ಮಾರಿದ್ದರು. ಮುಂದೆ ಬಂದ ದೊಡ್ಡ ಲಾಭ ಅವರ ಪಾಲಿಗೆ ಬರಲಿಲ್ಲ. ಕ್ಷಯರೋಗದಿಂದ ಬಳಲುತ್ತಿದ್ದರೂ ಕೆಲಸ ಬಿಡಲಿಲ್ಲ. 1889ರಲ್ಲಿ ಬೇರೆಯದೇ ಅಕ್ಷರ ಜೋಡಣೆಗೆ ಪೇಟೆಂಟ್ ಕೇಳಿ ಅರ್ಜಿ ಹಾಕಿದರು. 1890ರ ಫೆಬ್ರುವರಿ 17ರಂದು ತೀರಿಕೊಂಡರು. ಆ ಪೇಟೆಂಟ್ ಸಿಕ್ಕಿದ್ದು 1896ರಲ್ಲಿ. ಅಷ್ಟರಲ್ಲಿ ಜನರ ಬೆರಳುಗಳಿಗೆ ಹಳೆಯ ಜೋಡಣೆಯೇ ಒಗ್ಗಿಹೋಗಿತ್ತು.

ಮೊಬೈಲ್‌ನಲ್ಲಿ ಕಡ್ಡಿಗಳಿಲ್ಲ, ಅಭ್ಯಾಸ ಮಾತ್ರ ಉಳಿದಿದೆ. ಹಾಗಾಗಿ ಈ ಫಾರ್ವರ್ಡ್ ಅರ್ಧ ಸತ್ಯ. ಅದು ಮತ್ತೆ ನಿಮ್ಮ ಗ್ರೂಪ್‌ಗೆ ಬಂದರೆ, ಇದನ್ನೂ ಅಲ್ಲಿಗೆ ಕಳಿಸಿ.